ಉರುಳಿಸದೆ ಕೊಟ್ಟ ಕೋಲು

ಬಹಳ ಬಹಳ ಹಿಂದೆ ಗುಳಿಕೋಟೆ ಅಂತ ಒಂದು ರಾಜ್ಯವಿತ್ತು. ಎಲ್ಲಿತ್ತು ಅಂತ ನನ್ನನ್ನು ಕೇಳಬೇಡಿ, ಇತ್ತು ಅಂದರೆ ಇತ್ತು. ಆ ರಾಜ್ಯದಲ್ಲಿ ಯುದ್ಧ ಅನ್ನೋದೇ ಇರಲಿಲ್ಲ. ಯಾರಾದರೂ ಜಗಳಕ್ಕೆ ಬಂದರೆ ಅರಮನೆಯ ಅಂಗಳದಲ್ಲಿ ದೊಡ್ಡದೊಂದು ಮೇಜು ಹಾಕಿ, ಅದಕ್ಕೆ ಹಸಿರು ಬಟ್ಟೆ ಎಳೆದು ಕಟ್ಟಿ, ಬಣ್ಣಬಣ್ಣದ ಗುಂಡುಗಳನ್ನಿಟ್ಟು, ಉದ್ದ ಕೋಲಿನಿಂದ ಹೊಡೆದು ಮೂಲೆಯ ಗುಳಿಗಳಿಗೆ ಬೀಳಿಸುತ್ತಿದ್ದರು. ಹೆಚ್ಚು ಬೀಳಿಸಿದವರು ಗೆದ್ದ ಹಾಗೆ. ಈಗ ನೀವು ಸ್ನೂಕರ್ ಅಂತೀರಲ್ಲ, ಹೆಚ್ಚುಕಡಿಮೆ ಅದೇ ಆಟ. ರಕ್ತ ಚೆಲ್ಲುವುದಕ್ಕಿಂತ ಎಷ್ಟೋ ವಾಸಿ ಬಿಡಿ.

ಅಂಥ ರಾಜ್ಯದಲ್ಲಿ ಕತ್ತಿ ಮಾಡುವವನಿಗೆ ಏನು ಬೆಲೆ? ಕೋಲು ಮಾಡುವವನಿಗೇ ಬೆಲೆ. ಅಲ್ಲಿ ಸೋವಣ್ಣ ಅಂತ ಒಬ್ಬ ಬಡಗಿ ಇದ್ದ. ಚಿಕ್ಕ ವಯಸ್ಸು, ದೊಡ್ಡ ಹೆಸರು. ಕಾಡಿಗೆ ಹೋಗಿ ದಡಸಲು ಮರ ಹುಡುಕುತ್ತಿದ್ದ. ದಡಸಲು ಅಂದರೆ ಬಾಗಿಸಿದರೆ ಬಾಗಿ, ಬಿಟ್ಟ ಕೂಡಲೇ ನೆಟ್ಟಗಾಗುವ ಮರ. ತೊಗಟೆಯನ್ನು ಚೂರು ಕೆತ್ತಿ, ಮರದ ಎಳೆಗಳು ಬುಡದಿಂದ ತುದಿಗೆ ನೇರವಾಗಿ ಓಡುತ್ತಿವೆಯೇ ಅಂತ ನೋಡುತ್ತಿದ್ದ. ಗಂಟಿದ್ದರೆ ಬಿಟ್ಟು ಮುಂದಿನ ಮರಕ್ಕೆ ಹೋಗುತ್ತಿದ್ದ. ಕಡಿದು ತಂದದ್ದನ್ನು ಸೀಳಿ ನೆರಳಿನಲ್ಲಿ ಹಾಕಿ ವರ್ಷಗಟ್ಟಲೆ ಸುಮ್ಮನೆ ಬಿಡುತ್ತಿದ್ದ. ಬಿಸಿಲು ತಾಗಬಾರದು, ಬೆಂಕಿ ತಾಗಬಾರದು, ಮರದೊಳಗಿನ ನೀರು ತಾನಾಗಿ ಹೋಗಬೇಕು. ಆಮೇಲೆ ಕೀಸುಳಿ ಹಿಡಿದು ಒಂದೊಂದೇ ಪದರ ತೆಗೆದು, ಹಿಡಿಯುವ ಕಡೆಗೆ ಭಾರಕ್ಕೆಂದು ಬೀಟೆ ಮರ ಬೆಸೆದು, ತುದಿಗೆ ತೊಗಲಿನ ಬಿಲ್ಲೆ ಅಂಟಿಸಿ, ಅಗಸೆ ಎಣ್ಣೆ ಉಜ್ಜುತ್ತಿದ್ದ.

ಇಷ್ಟೆಲ್ಲ ಆದಮೇಲೆ ಒಂದು ಕಟ್ಟಳೆ. ಕೋಲನ್ನು ಕೊಡುವ ಮೊದಲು, ತಗೊಳ್ಳುವವರ ಕಣ್ಣೆದುರಿಗೇ, ನುಣುಪಾದ ಚಪ್ಪಡಿ ಕಲ್ಲಿನ ಮೇಲೆ ಉರುಳಿಸಿ ತೋರಿಸಬೇಕು. ನೇರವಾಗಿದ್ದರೆ ಸದ್ದಿಲ್ಲದೆ ಉರುಳುತ್ತದೆ. ಕೂದಲೆಳೆಯಷ್ಟು ಡೊಂಕಿದ್ದರೂ ಟಕ ಟಕ ಅಂತ ಕುಣಿಯುತ್ತದೆ. ಇನ್ನೊಂದು ಮಾತೂ ಇತ್ತು. ಮಾಡಿದವನೇ ಬಂದು ಕೋಲು ಡೊಂಕು ಅಂತ ಒಪ್ಪಿಕೊಂಡರೆ, ಆ ಕೋಲಿನಿಂದ ಆಡಿದ ಆಟ ಆಟವೇ ಅಲ್ಲ, ಸೋಲೂ ಇಲ್ಲ, ಗೆಲುವೂ ಇಲ್ಲ. ಇದು ಆ ರಾಜ್ಯದಲ್ಲಿ ಎಲ್ಲರಿಗೂ ಗೊತ್ತಿತ್ತು. ಸೋವಣ್ಣನಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ಹೀಗಿರುವಾಗ ಕೆಂಡಜಟ್ಟಿ ಅನ್ನುವ ಮಾಂತ್ರಿಕ ಗುಳಿಕೋಟೆಗೆ ಬಂದು ಸವಾಲು ಹಾಕಿದ. "ಬರೋ ಹುಣ್ಣಿಮೆಗೆ ಆಟ. ನೀವು ಗೆದ್ದರೆ ಈ ಕಡೆ ತಲೆ ಹಾಕಲ್ಲ. ಸೋತರೆ, ಆಡಿದವರ ಕೈಯನ್ನ ಮರ ಮಾಡಿ ಹೋಗ್ತೀನಿ" ಅಂದ. ರಾಜ ಬೊಮ್ಮರಸನಿಗೆ ಹೊನ್ನಲೆ ಅಂತ ಒಬ್ಬಳೇ ಮಗಳು. ಅವಳಷ್ಟು ಚೆನ್ನಾಗಿ ಆಡುವವರು ಸುತ್ತೇಳು ರಾಜ್ಯದಲ್ಲಿ ಇರಲಿಲ್ಲ. ರಾಜ ಸೋವಣ್ಣನನ್ನು ಕರೆಸಿ, ಮಗಳಿಗೆ ಹೊಸ ಕೋಲು ಬೇಕು ಅಂದ.

ಸೋವಣ್ಣನ ಹತ್ತಿರ ಹದವಾಗಿ ಒಣಗಿದ ಮರ ಒಂದು ತುಂಡೂ ಉಳಿದಿರಲಿಲ್ಲ. ಇಲ್ಲ ಅಂತ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಕೆಳಗಿನ ಬೀದಿಯಲ್ಲಿ ಬೇರೆ ಬಡಗಿಗಳಿದ್ದರು. ಆದರೆ ಅರಮನೆಯ ಕೆಲಸ ಅವರ ಪಾಲಾಗುತ್ತದಲ್ಲ ಅಂತ ಇವನಿಗೆ ಹೊಟ್ಟೆಯುರಿ. "ಆಗಲಿ ಮಹಾಸ್ವಾಮಿ" ಅಂದುಬಿಟ್ಟ. ಮನೆಗೆ ಬಂದು ಹಸಿ ದಡಸಲನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಹೊಗೆಯಲ್ಲಿ ಒಣಗಿಸಿದ. ಕೋಲೇನೋ ಆಯಿತು, ಕನ್ನಡಿಯ ಹಾಗೆ ಹೊಳೆಯಿತು. ಹುಣ್ಣಿಮೆಯ ಬೆಳಿಗ್ಗೆ ಕಲ್ಲಿನ ಮೇಲೆ ಉರುಳಿಸಿ ನೋಡಿದ. ಟಕ ಟಕ ಅಂತ ಕುಣಿಯಿತು.

ಆ ಕೋಲನ್ನೇ ಹಿಡಿದುಕೊಂಡು ಆಸ್ಥಾನಕ್ಕೆ ಹೋದ. ಅಲ್ಲಿ ನೋಡಿದರೆ ಹಾರ ಹಾಕಿದರು, ಶಾಲು ಹೊದಿಸಿದರು. ಚಪ್ಪಡಿ ಕಲ್ಲನ್ನು ತಂದು ಇಡುತ್ತಿದ್ದಾಗ ರಾಜ ಕೈ ಎತ್ತಿ, "ಬೇಡ ತೆಗೀರಿ. ಸೋವಣ್ಣನ ಕೋಲಿಗೆ ಪರೀಕ್ಷೆ ಬೇರೆ ಬೇಕಾ?" ಅಂದ. ಕೆಂಡಜಟ್ಟಿ ಮೀಸೆಯಲ್ಲೇ ನಕ್ಕು, "ನಿಮ್ಮದಕ್ಕೆ ಬೇಡ ಅಂದಮೇಲೆ ನನ್ನದಕ್ಕೂ ಬೇಡ" ಅಂದ. ಸೋವಣ್ಣ ಬಾಯಿ ತೆರೆದ. ಜನ ಚಪ್ಪಾಳೆ ತಟ್ಟಿದರು. ಬಾಯಿ ಮುಚ್ಚಿಕೊಂಡು ಕೋಲನ್ನು ರಾಜಕುಮಾರಿಯ ಕೈಗೆ ಕೊಟ್ಟ.

ಆಟ ಕೊನೆಯ ಗುಂಡಿನ ತನಕ ಸರಿಸಮ ನಡೆಯಿತು. ಹೊನ್ನಲೆ ಉಸಿರು ಹಿಡಿದು ಹೊಡೆದಳು. ಗುಂಡು ಗುಳಿಯ ಅಂಚಿಗೆ ತಾಗಿ ನಿಂತುಬಿಟ್ಟಿತು. ಕೆಂಡಜಟ್ಟಿ ಬಂದು ಅದನ್ನು ಒಂದೇ ಏಟಿಗೆ ಬೀಳಿಸಿದ. ಅಷ್ಟೇ. ಹೊನ್ನಲೆಯ ಬಲಗೈ ಬೆರಳ ತುದಿಯಿಂದ ಮೊಣಕೈ ತನಕ ಮರವಾಯಿತು. "ಸುಗ್ಗಿಗೆ ಮತ್ತೆ ಬರ್ತೀನಿ. ಆಗ ಊರಿನೋರ ಕೈಗಳನ್ನೆಲ್ಲ ಪಣಕ್ಕಿಡಬೇಕು" ಅಂತ ಹೇಳಿ ಮಾಂತ್ರಿಕ ಹೊರಟುಹೋದ.

ಊರವರು ಸುಮ್ಮನಿರುತ್ತಾರೆಯೇ? "ಜಂಬದ ಹುಡುಗಿ, ಕೈ ನಡುಗಿಸ್ಕೊಂಡು ನಮ್ಮೆಲ್ಲರ ಕುತ್ತಿಗೆಗೆ ತಂದಿಟ್ಟಳು" ಅಂತ ಬಾವಿಕಟ್ಟೆಯಲ್ಲಿ ಆಡಿಕೊಂಡರು. ರಾಜ ಮಗಳ ಹತ್ತಿರ ಮಾತು ಬಿಟ್ಟ. ಆ ಕಟ್ಟೆಯಲ್ಲಿ ಕೂತಿದ್ದ ಒಬ್ಬ ಮುದುಕ ಸೋವಣ್ಣನನ್ನೇ ನಿಲ್ಲಿಸಿ, "ಕೋಲಲ್ಲೇನಾದ್ರೂ ಐಬಿತ್ತೇನಪ್ಪ?" ಅಂತ ಕೇಳಿದ. ಸೋವಣ್ಣ ಏನಂದ ಗೊತ್ತೇ? "ಕೈ ನಡುಗಿದ್ರೆ ಕೋಲು ಏನು ಮಾಡುತ್ತೆ ತಾತ?" ಅಂದ. ಅಂದವನಿಗೆ ಆ ದಿನ ಊಟ ಸೇರಲಿಲ್ಲ, ಅದು ಬೇರೆ ಮಾತು. ಆದರೆ ಅಂದದ್ದು ಹೌದು.

ಮಾರನೆಯ ದಿನ ರಾಜಕುಮಾರಿ ಅವನನ್ನು ಕರೆಸಿದಳು. ಗೊತ್ತಾಗಿಹೋಯಿತು ಅಂದುಕೊಂಡೇ ಅವನು ಹೋದ. ಅವಳು ಕಿಟಕಿಯ ಹತ್ತಿರ ಕೂತಿದ್ದಳು, ಮರದ ಕೈಯನ್ನು ಸೆರಗಿನಲ್ಲಿ ಮುಚ್ಚಿಟ್ಟಿದ್ದಳು.

"ಸೋವಣ್ಣ, ಅಂಥಾ ಕೋಲು ಕೊಟ್ಟಿದ್ದೆ ನೀನು. ನಾನೇ ಹಾಳು ಮಾಡಿದೆ. ನಿನ್ನ ಕೆಲಸಕ್ಕೂ ಕೆಟ್ಟ ಹೆಸರು ಬಂತೇನೋ. ಮನಸ್ಸಿಗೆ ಹಚ್ಚಿಕೋಬೇಡ."

ಸೋವಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. "ಇದಕ್ಕಿಂತ ಒಳ್ಳೆ ಕೋಲು ತರ್ತೀನಿ ಅಮ್ಮಣ್ಣಿ" ಅಂತ ಗೊಣಗಿ, ಕೊಡಲಿಯನ್ನೂ ಕೀಸುಳಿ-ಎಣ್ಣೆಯ ಚೀಲವನ್ನೂ ಹೆಗಲಿಗೇರಿಸಿಕೊಂಡು ಕಾಡಿಗೆ ನಡೆದ. ಒಂದು ಮಾತು ಹೇಳುವುದನ್ನು ತಪ್ಪಿಸಿಕೊಳ್ಳೋಕೆ ಮನುಷ್ಯ ಕಾಡನ್ನೇ ಸುತ್ತುತ್ತಾನೆ ನೋಡಿ. ನನಗಂತೂ ಇವನನ್ನು ಹಿಡಿದು ಎರಡು ಬಾರಿಸಬೇಕು ಅನ್ನಿಸುತ್ತದೆ.

ಕಾಡಿನ ತೀರ ಒಳಗೆ, ಅವನು ಹಿಂದೆಂದೂ ಕಾಲಿಡದ ಮಾಯದ ಜಾಗದಲ್ಲಿ, ನಿಂತಲ್ಲೇ ನೆರಳಲ್ಲಿ ಒಣಗಿದ ದಡಸಲು ಮರಗಳು ಮೂರು ಇದ್ದವು. ಒಂದೊಂದಕ್ಕೂ ಒಂದೊಂದು ಕಾವಲು. ಯಾರಿಗೆ, ಯಾಕೆ ಅಂತ ಹೇಳದೆ ಅಲ್ಲಿ ಮರ ಮುಟ್ಟುವ ಹಾಗಿರಲಿಲ್ಲ.

ಮೊದಲನೆಯ ಮರದ ಕೆಳಗೆ ಬೆಳ್ಳಿ ಕೊಂಬಿನ ಕಾಡುಕೋಣ ನಿಂತಿತ್ತು.

"ಯಾರಿಗೆ, ಯಾಕೆ?" ಅಂತು ಕೋಣ.

"ರಾಜಕುಮಾರಿಗೆ. ಆಟದಲ್ಲಿ ಅವರ ಕೈ ನಡುಗಿತು. ಅದಕ್ಕೆ ಒಳ್ಳೆ ಕೋಲು ಬೇಕು."

"ಕಡ್ಕೋ" ಅಂತು ಕೋಣ. ಸೋವಣ್ಣ ಕೊಂಬೆ ಕಡಿದ. ಕೈಗೆ ಬಂದದ್ದೇ ತಡ, ಅದು ಬಿಲ್ಲಿನ ಹಾಗೆ ಬಾಗಿಹೋಯಿತು. ಬಿಸಾಡಿ ಮುಂದೆ ನಡೆದ.

ಎರಡನೆಯ ಮರದ ಮೇಲೆ ಚಿನ್ನದ ಕೊಕ್ಕಿನ ಮಂಗಟ್ಟೆ ಹಕ್ಕಿ ಕೂತಿತ್ತು.

"ಯಾರಿಗೆ, ಯಾಕೆ?" ಅಂತು ಹಕ್ಕಿ.

"ರಾಜಕುಮಾರಿಗೆ. ಮೊದಲು ಕೊಟ್ಟ ಕೋಲು ಡೊಂಕಾಗಿತ್ತು. ಮರವೇ ಸರಿಯಿರಲಿಲ್ಲ."

"ಕಡ್ಕೋ" ಅಂತು ಹಕ್ಕಿ. ಕಡಿದ ಕೊಂಬೆ ಅವನು ನೋಡುತ್ತಿದ್ದಂತೆಯೇ ಹಗ್ಗದ ಹಾಗೆ ಹುರಿಗೊಂಡಿತು. ಅದನ್ನೂ ಬಿಸಾಡಿ ಮುಂದೆ ನಡೆದ.

ಮೂರನೆಯ ಮರದ ಬುಡದಲ್ಲಿ ಒಂದು ಚಿಪ್ಪುಹಂದಿ ಚೆಂಡಿನಂತೆ ಸುತ್ತಿಕೊಂಡು ಬಿದ್ದಿತ್ತು. ಮುಖವೂ ಕಾಣದು, ಕಣ್ಣೂ ಕಾಣದು. ಅದು ಏನೂ ಕೇಳಲೇ ಇಲ್ಲ. ಸೋವಣ್ಣ ಕಾದ, ಕೆಮ್ಮಿದ, ಕೊಡಲಿ ನೆಲಕ್ಕಿಟ್ಟ. ಕೊನೆಗೆ ತಾನೇ ಕೂತು ಶುರುಮಾಡಿದ.

"ಮರದ್ದು ತಪ್ಪಿಲ್ಲ. ಹಸೀದನ್ನ ನಾನೇ ಹೊಗೆಗಿಟ್ಟೆ. ಡೊಂಕು ಅಂತ ಗೊತ್ತಿದ್ದೂ ಕೊಟ್ಟೆ."

"ಅಷ್ಟೇನಾ?" ಅಂತು ಚಿಪ್ಪಿನೊಳಗಿಂದ ಒಂದು ದನಿ.

"ಅಷ್ಟೇ."

ಚಿಪ್ಪುಹಂದಿ ಬಿಚ್ಚಿಕೊಳ್ಳಲಿಲ್ಲ. ಸೋವಣ್ಣನ ಕಿವಿ ಬಿಸಿಯಾಯಿತು, ಕುತ್ತಿಗೆ ಬಿಸಿಯಾಯಿತು.

"ಹಾರ ಹಾಕಿದಾಗ ಖುಷಿಯಾಯ್ತು" ಅಂದ. "ಆಮೇಲೆ ಊರೋರು ರಾಜಕುಮಾರಿಯವರನ್ನ ಬೈಯುವಾಗ ನಾನೂ ಸೇರ್ಕೊಂಡು ಕೈ ನಡುಗಿತು ಅಂದೆ. ಅವರು ನನ್ನನ್ನ ಕರೆದು ಸಮಾಧಾನ ಮಾಡಿದ್ರು. ಅದನ್ನೂ ಕೇಳಿಸ್ಕೊಂಡು ಬಂದೆ. ನಾಚಿಕೆಗೆಟ್ಟವನು ನಾನು."

ಚಿಪ್ಪುಹಂದಿ ಬಿಚ್ಚಿಕೊಂಡು ಪುಟ್ಟ ಮೂತಿ ಎತ್ತಿ ಅವನನ್ನು ನೋಡಿತು. "ಕಡ್ಕೋ. ಆದ್ರೆ ನೀನು ಹೇಳಬೇಕಾದ್ದು ನನಗಲ್ಲ" ಅಂತ ಹೇಳಿ ಪೊದೆಯೊಳಗೆ ಹೋಯಿತು.

ಆ ಕೊಂಬೆ ಬಾಗಲಿಲ್ಲ, ಹುರಿಗೊಳ್ಳಲಿಲ್ಲ. ಸೋವಣ್ಣ ಕಾಡಿನಲ್ಲೇ ಕೂತು ಕೀಸಿದ, ಉಜ್ಜಿದ, ಎಣ್ಣೆ ಹಚ್ಚಿದ. ತನ್ನ ಜನ್ಮದಲ್ಲೇ ಅವನು ಅಂಥ ಕೋಲು ಮಾಡಿರಲಿಲ್ಲ. ಊರಿಗೆ ಬರುವಷ್ಟರಲ್ಲಿ ಸುಗ್ಗಿ ಬಂದಿತ್ತು, ಕೆಂಡಜಟ್ಟಿಯೂ ಬಂದಿದ್ದ.

ಅಂಗಳದಲ್ಲಿ ಊರಿಗೆ ಊರೇ ತುಂಬಿತ್ತು. ತಾಯಂದಿರು ಮಕ್ಕಳ ಕೈಗಳನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದರು. ಈ ಸಲ ಸೋವಣ್ಣ ತಾನೇ ಕಲ್ಲು ಕೇಳಿ ತರಿಸಿ ಕೋಲನ್ನು ಉರುಳಿಸಿದ. ಅದು ನೀರು ಹರಿದ ಹಾಗೆ ಸದ್ದಿಲ್ಲದೆ ಹೋಯಿತು. "ಭಲೇ ಸೋವಣ್ಣ" ಅಂದರು ಜನ. ರಾಜ ಎದ್ದು ಬಂದು ಬೆನ್ನು ತಟ್ಟಿದ. ಅವನು ಈಗಲೂ ಸುಮ್ಮನಿರಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಹೊನ್ನಲೆ ಮೇಜಿನ ಹತ್ತಿರ ಬಂದು ಎಡಗೈ ಚಾಚಿದಳು.

"ಕೊಡು ಸೋವಣ್ಣ. ಇದರಲ್ಲೇ ಆಡ್ತೀನಿ. ಈ ಸಲ ನಡುಗಲ್ಲ."

ಸೋವಣ್ಣ ಕೋಲು ಕೊಡಲಿಲ್ಲ. ಅದನ್ನು ಮೇಜಿನ ಮೇಲಿಟ್ಟ.

"ಅಮ್ಮಣ್ಣಿ, ಹೋದ ಸಲವೂ ನಿಮ್ಮ ಕೈ ನಡುಗಿರಲಿಲ್ಲ. ಕೋಲು ಡೊಂಕಾಗಿತ್ತು. ನನಗೆ ಗೊತ್ತಿತ್ತು. ಕೊಡೋಕೆ ಮುಂಚೆಯೇ ಗೊತ್ತಿತ್ತು."

ಬಾವಿಕಟ್ಟೆಯ ಮುದುಕ ಮೊದಲು ಸೋವಣ್ಣನನ್ನು ನೋಡಿದ, ಆಮೇಲೆ ತನ್ನ ಕಾಲುಗಳನ್ನು ನೋಡಿಕೊಂಡ. ಕೆಂಡಜಟ್ಟಿ, "ಈಗ ಹೇಳಿದರೆ ಏನು ಬಂತು? ಮುಗಿದ ಆಟ ಮುಗೀತು" ಅಂತ ಅರಚಿದ. ಆದರೆ ಮಾಡಿದವನು ಒಪ್ಪಿಕೊಂಡಾಗಿತ್ತು, ಆಟ ಆಟವಲ್ಲವಾಗಿತ್ತು. ಹೊನ್ನಲೆಯ ಮರದ ಕೈ ಮೊಣಕೈಯಿಂದ ಬೆರಳ ತುದಿಯ ತನಕ ಮೆಲ್ಲಗೆ ಬೆಚ್ಚಗಾಯಿತು. ಅವಳು ಬೆರಳು ಮಡಚಿದಳು, ಬಿಚ್ಚಿದಳು. ಆ ಕೈಯನ್ನೇ ಚಾಚಿ, ಮಾಂತ್ರಿಕನ ಕೋಲನ್ನು ಕಿತ್ತುಕೊಂಡು ಕಲ್ಲಿನ ಮೇಲೆ ಉರುಳಿಸಿದಳು.

ಕೋಲು ಅರ್ಧ ಉರುಳಿ ನಿಂತಿತು. ತಲೆ ಎತ್ತಿತು. ನೋಡಿದರೆ ಅದು ಮಂತ್ರ ಹಾಕಿ ನೆಟ್ಟಗೆ ನಿಲ್ಲಿಸಿದ್ದ ಹಾವು. ಎಚ್ಚರವಾದದ್ದೇ ಮೈ ಸಡಿಲ ಮಾಡಿಕೊಂಡು ಚರಂಡಿಯ ತೂತಿನಲ್ಲಿ ಇಳಿದುಹೋಯಿತು. ಕೆಂಡಜಟ್ಟಿಯ ಶಕ್ತಿಯೆಲ್ಲ ಅದರಲ್ಲೇ ಇದ್ದದ್ದು. ಅವನ ಮೀಸೆ ಉದುರಿತು, ನಿಲುವಂಗಿ ಸಡಿಲವಾಯಿತು, ಬರೀ ಒಬ್ಬ ಸಣಕಲು ಮುದುಕ ಉಳಿದ. ಜನ ಬೈಯುವ ಮೊದಲೇ ಕೋಟೆ ಬಾಗಿಲು ದಾಟಿ ಓಡಿದವನು ಮತ್ತೆ ಆ ಕಡೆ ಬರಲಿಲ್ಲ.

ರಾಜ ಮಗಳ ಮುಂದೆ ನಿಂತು, "ನಿನ್ನ ಹತ್ತಿರ ಮಾತು ಬಿಟ್ಟಿದ್ದೆನಲ್ಲ ಮಗಳೇ. ಕಲ್ಲು ತೆಗೆಸಿದವನೂ ನಾನೇ" ಅಂತ ಕಣ್ಣೊರೆಸಿಕೊಂಡ. ಆಮೇಲೆ ಸೋವಣ್ಣನ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡಿದ. "ಇವನಿಗೆ ಏನು ಶಿಕ್ಷೆ ಕೊಡಲಿ, ನೀನೇ ಹೇಳು."

ಸೋವಣ್ಣ ತಲೆ ತಗ್ಗಿಸಿ ನಿಂತಿದ್ದ. ಚಾಟಿ ಏಟಾದರೂ ಸರಿ, ಊರು ಬಿಡಿಸಿದರೂ ಸರಿ, ಏನಾದರೊಂದು ಆಗಿಬಿಡಲಿ ಅಂತ ಕಾಯುತ್ತಿದ್ದ.

"ಬೇಡ ಅಪ್ಪಾಜಿ" ಅಂದಳು ಹೊನ್ನಲೆ. "ಶಿಕ್ಷೆ ಕೊಟ್ಟರೆ ಅವನಿಗೆ ಹಗುರಾಗುತ್ತೆ."

ಆಮೇಲೆ ಅವನಿಗೆ ಅಂದಳು, "ಇಷ್ಟು ದಿನ ನಾನು ಈ ಕೈಯನ್ನ ಬೈದುಕೊಂಡು ಮಲಗ್ತಿದ್ದೆ ಸೋವಣ್ಣ. ಕಣ್ಣಿಗೆ ಕಾಣೋ ಹಾಗೆ ಎದುರಿಗೆ ಇಟ್ಟುಕೊಳ್ಳೋಕೇ ಆಗ್ತಿರಲಿಲ್ಲ. ನಾಳೆಯಿಂದ ನಿನ್ನ ಅಂಗಡಿಗೆ ಬರ್ತೀನಿ. ಎಳೆ ನೋಡೋದು, ಡೊಂಕು ಹಿಡಿಯೋದು ಎಲ್ಲಾ ಕಲಿಸು. ಇನ್ಮೇಲೆ ಯಾರ ಮಾತೂ ನಂಬಿ ಕೋಲು ಹಿಡಿಯಲ್ಲ, ನಿನ್ನ ಮಾತೂ ಸೇರಿ."

ಹಾಗೇ ಬಂದಳು. ಹಾಗೇ ಕಲಿತಳು. ಬಾವಿಕಟ್ಟೆಯ ಹೆಂಗಸರು ಅವಳಿಗೆ ದಾರಿ ಬಿಟ್ಟು, ಕೊಡ ಕೆಳಗಿಟ್ಟು ಕೈ ಮುಗಿದರು. ಗುಳಿಕೋಟೆಯಲ್ಲಿ ಮಳೆ ಬೆಳೆ ಚೆನ್ನಾಗಾಯಿತು, ಮಕ್ಕಳು ಎರಡೂ ಕೈಯಲ್ಲಿ ಬಾಚಿ ಬಾಚಿ ಉಂಡು ಬೆಳೆದರು, ಎಲ್ಲರೂ ಸುಖವಾಗಿದ್ದರು. ಸೋವಣ್ಣನೂ ಸುಖವಾಗಿಯೇ ಇದ್ದ, ಮದುವೆಯಾದ, ನಾಲ್ಕು ಜನ ಮೆಚ್ಚುವ ಕೋಲುಗಳನ್ನು ಮಾಡಿದ. ಹೊನ್ನಲೆ ಅಂಗಡಿಯ ಬಾಗಿಲಿಗೆ ಬಂದು ನಿಂತಾಗ ಮಾತ್ರ, ಮುಖ ಎತ್ತಿ ನೋಡೋಕೆ ಅವನಿಗೆ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು.