ಹೆಗಲ ಮೇಲಿನ ಕೈ

ನಮ್ಮ ಮನೆಯ ಹಳೆಯ ಫೋಟೋದಲ್ಲಿ ಅಜ್ಜನ ಎಡ ಹೆಗಲ ಮೇಲೊಂದು ಕೈ ಇದೆ, ಕೈಯವಳಿಲ್ಲ. ಆಸ್ಪತ್ರೆಯ ಬಟ್ಟೆ ಒಗೆದು ಅಜ್ಜನನ್ನು ಓದಿಸಿದ ಅವರ ಅಕ್ಕ ಅವಳು. ತಮ್ಮ ದೊಡ್ಡ ಮನುಷ್ಯನಾದ ಮೇಲೆ ಮನೆಯವರು ನಾಚಿಕೆಯಾಗಿ ಅವಳನ್ನು ಫೋಟೋದಿಂದ ಕತ್ತರಿಸಿ ಹಾಕಿದರು. ಊರೂರು ಅಲೆದು ಕಲೆಹಾಕಿದ ಈ ಕಥೆಯನ್ನು ಹೋದ ತಿಂಗಳು ಒಂದು ಮಧ್ಯಾಹ್ನ ಬಂಧುಗಳೆದುರು ಹೇಳತೊಡಗಿದೆ.

"ಸತ್ತೋರ ಸುದ್ದಿ ಈಗ್ಯಾಕೆ ಕೆದಕ್ತೀಯ? ಬಾಯ್ಮುಚ್ಕೊಂಡಿರು," ಅಂದರು ದೊಡ್ಡಪ್ಪ.

"ನೀವೆಲ್ಲ ಬಾಯ್ಮುಚ್ಕೊಂಡಿದ್ದು ಸಾಕು ದೊಡ್ಡಪ್ಪ. ನಾನು ಹೇಳೋದೇ."

ಕೋಣೆಯಲ್ಲಿ ಬಟ್ಟೆ ಸೋಪಿನ ವಾಸನೆ ಎದ್ದಿತು. ದೊಡ್ಡಪ್ಪ ತಿರುಗದೆಯೇ, "ಯಾರದು, ಕೈ ತಣ್ಣಗಿದೆ, ತೆಗೀರಿ," ಅಂದರು. ಅವರ ಬೆನ್ನ ಹಿಂದೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ನಾನು ನಿಲ್ಲಿಸದೆ ಕೊನೆತನಕ ಹೇಳಿದೆ.

ಹೆಗಲು ಒದ್ದೆಯಾಗಿದೆಯೆಂದು ದೊಡ್ಡಪ್ಪ ಅಂದು ಬಿಚ್ಚಿಟ್ಟು ಹೋದ ಅಂಗಿ ಇನ್ನೂ ನಮ್ಮ ಹಿತ್ತಲ ಹಗ್ಗದ ಮೇಲಿದೆ. ಇಂಥ ಸುಡುಬಿಸಿಲಲ್ಲೂ ಅದರ ಎಡ ಹೆಗಲು ಒಣಗಿಲ್ಲ.