ತಾನಾಗಿ ತೆರೆಯುವ ಡಿಕ್ಕಿ

"ಆ ಡಿಕ್ಕಿಗೆ ಕೈ ಹಾಕ್ಬ್ಯಾಡ ಕಣಪ್ಪ. ಅದಕ್ಕೆ ಮಾಟ ಮಾಡ್ಸವ್ರೆ."

ಎಸ್ಟೇಟ್ ಮನೆಯಲ್ಲಿ ಅಡುಗೆ ಮಾಡುವ ಕೆಂಚಮ್ಮ ಕಾರ್ ಶೆಡ್ಡಿನ ಹೊರಗೇ ನಿಂತು ಹೇಳಿದಳು. ಮೈಸೂರಿನಿಂದ ಹೆಗ್ಗದ್ದೆಗೆ ಬಂದಿದ್ದ ಮೆಕ್ಯಾನಿಕ್ ಸಂಜಯ್ ನಕ್ಕುಬಿಟ್ಟ. "ಮಾಟ ಬಿಚ್ಚೋ ಸ್ಪ್ಯಾನರೂ ತಂದಿದ್ದೀನಿ ಬಿಡಮ್ಮ."

ಯಜಮಾನ ನಟರಾಜ್ ಆ ವರ್ಷ ಕೊಂಡಿದ್ದ ವಿದೇಶಿ ಕಾರು. ಗುಂಡಿ ಒತ್ತಿದರೆ ಹಿಂಬಾಗಿಲು ಮೋಟಾರಿನಿಂದ ಏಳಬೇಕು, ಇಳಿಯಬೇಕು. ಈಗ ಒತ್ತದೆಯೂ ಏಳುತ್ತಿತ್ತು. ತೋಟದ ಗಡಿ ವ್ಯಾಜ್ಯದಲ್ಲಿ ಸೋತ ದಾಯಾದಿ ಚಂದ್ರಯ್ಯನದೇ ಕೆಲಸವೆಂದು ಕೂಲಿಯವರ ಲೈನ್ ಮನೆಗಳಲ್ಲಿ ಪಿಸುಮಾತಿತ್ತು.

ಸಂಜಯ್ ಬ್ಯಾಟರಿ ನೋಡಿದ. ಸ್ವಿಚ್ಚು ನೋಡಿದ. ಎರಡೂ ಸರಿಯಿದ್ದವು. ಕೀಲಿನ ಬಳಿ ರಬ್ಬರ್ ಕೊಳವೆ ಸರಿಸಿದಾಗ ಸವೆದು ತಾಮ್ರ ಕಾಣುತ್ತಿದ್ದ ವೈರು ಸಿಕ್ಕಿತು. "ನೋಡಿ ನಿಮ್ಮ ಮಾಟ!" ಎಂದು ಟೇಪು ಸುತ್ತಿದ. ಅವನು ಕೈ ತೆಗೆಯುವಷ್ಟರಲ್ಲಿ ಬಾಗಿಲು ಗುರ್ರೆನ್ನುತ್ತ ಮತ್ತೆ ಮೇಲೆದ್ದಿತು.

ಕೊನೆಗೆ ಬ್ಯಾಟರಿಯ ತಂತಿಯನ್ನೇ ಕಳಚಿಟ್ಟು, ಡಿಕ್ಕಿಯೊಳಗೆ ಹತ್ತಿ ಕೂತು ಬೀಗದ ಮುಚ್ಚಳ ಬಿಚ್ಚಿದ. ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಕಪ್ಪು ಬಟ್ಟೆಯ ಗಂಟು. ಕುಂಕುಮ, ಸೂಜಿಗಳು, ಕೊಳೆತ ನಿಂಬೆಹಣ್ಣು.

"ಮುಟ್ಬ್ಯಾಡ! ಪೂಜಾರಿನ ಕರ್ಸಾಣ!" ಕೆಂಚಮ್ಮ ಕೂಗಿದಳು.

ಸಂಜಯ್ ಸ್ಕ್ರೂಡ್ರೈವರಿನಿಂದ ಗಂಟನ್ನು ಕಿತ್ತು ಹೊರಗೆ ಎಸೆದ.

ಮೋಟಾರು ಗುರ್ರೆಂದಿತು. ವಿದ್ಯುತ್ತಿಲ್ಲದ ಮೋಟಾರು.

ಬಾಗಿಲು ಇಳಿಯತೊಡಗಿತು. ಅವನು ಎರಡೂ ಕೈಯಲ್ಲಿ ತಳ್ಳಿದ. ನಿಲ್ಲಲಿಲ್ಲ. ಗೇಣಗಲದ ಬೆಳಕಷ್ಟೇ ಉಳಿಯಿತು. ಮುಂದಿನ ಸೀಟಿನತ್ತ ತೆವಳಿದ. ಪಾದವನ್ನು ಏನೋ ಹಿಡಿಯಿತು. ತಣ್ಣಗಿತ್ತು. ಒದ್ದೆಯಿತ್ತು. ಕತ್ತಲಲ್ಲಿ ಅವನ ಬೆನ್ನಿಗಂಟಿಕೊಂಡು ಯಾರೋ ಉಸಿರಾಡಿದರು. ಕೂಗಲು ಬಾಯಿ ತೆರೆದ.

ಆ ಸಂದಿಯಲ್ಲಿ ಒಂದು ಕೈ ಒಳಗೆ ಬಂತು. ಕೆಂಚಮ್ಮ ಹೆಗಲು ಕೊಟ್ಟು ಬಾಗಿಲನ್ನು ಮೇಲಕ್ಕೆತ್ತುತ್ತಿದ್ದಳು.

"ಬಾರಪ್ಪ! ಬಿರ್ರನೆ ಬಾ!"

ಅವನು ಅವಳ ಕೈ ಹಿಡಿದ. ಕಾಲು ಒದರಿದ. ಸಂದಿಯಲ್ಲಿ ನುಸುಳಿ ನೆಲಕ್ಕೆ ಉರುಳಿದ.

ಬಾಗಿಲು ಬಿತ್ತು. ಅವಳ ಕೈ ಇನ್ನೂ ಒಳಗೇ ಇತ್ತು.

ಮರುದಿನ ಬೆಳಿಗ್ಗೆ ಸಕಲೇಶಪುರದ ಆಸ್ಪತ್ರೆಯಲ್ಲಿ ಸಂಜಯನ ಮೊಬೈಲು ಬಡಿದುಕೊಂಡಿತು. ನಟರಾಜ್. ಎರಡು ದಿನ ಊರಲ್ಲಿರದೆ ಆಗಷ್ಟೇ ಮನೆ ಸೇರಿದ್ದ ಅವನಿಗೆ ಯಾರೂ ಇನ್ನೂ ಏನೂ ಹೇಳಿರಲಿಲ್ಲ.

"ಭೇಷಾಗೈತೆ ಕಣ್ರೀ ಡಿಕ್ಕಿ! ನೀವು ಬಿಚ್ಚಿಟ್ಟಿದ್ದ ಬ್ಯಾಟರಿ ತಂತಿ ಸಿಗ್ಸಿ ನೋಡ್ದೆ, ಗುಂಡಿ ಒತ್ತುದ್ರೆ ಮಾತ್ರ ತೆಗಿತೈತೆ. ಅದೇನು ಹಾಕುದ್ರಿ ಅದಕ್ಕೆ?"

ಸಂಜಯ್ ಮಂಚದತ್ತ ತಿರುಗಿದ. ಕೆಂಚಮ್ಮ ಇನ್ನೂ ಕಣ್ಣು ತೆರೆದಿರಲಿಲ್ಲ. ಅವಳ ಬಲಗೈ ಇರಬೇಕಾದ ಕಡೆ ಹೊದಿಕೆ ಚಪ್ಪಟೆಯಾಗಿ ಬಿದ್ದಿತ್ತು.