ನಕ್ಕರೆ ಬೀಳುವವಳು

ಆ ದಿನ ಮಹೇಶ್ವರಿ ನಕ್ಕುಬಿಟ್ಟಳು. ಅಷ್ಟೇ ಆಕೆ ಮಾಡಿದ ತಪ್ಪು.

ಬಾದಾಮಿಯ ಸ್ಟೇಷನ್ ರಸ್ತೆಯಲ್ಲಿ ಅವಳ ಚಿಕ್ಕವ್ವ ಗುರುಲಿಂಗವ್ವನದು ಖಣದ, ಎಂದರೆ ಕುಪ್ಪಸದ ಬಟ್ಟೆಯ, ಅಂಗಡಿ. ಉರಿಬಿಸಿಲಿನ ಹೊತ್ತು. ಗಿರಾಕಿಗಳು ಯಾರೂ ಇರಲಿಲ್ಲ. ಆಗ ಒಬ್ಬ ಯುವಕ ಮೆಟ್ಟಿಲು ಹತ್ತಿ ಬಂದ. ಕೊರಳಲ್ಲಿ ಪ್ರವಾಸಿ ಗೈಡುಗಳ ಗುರುತಿನ ಕಾರ್ಡು ನೇತಾಡುತ್ತಿತ್ತು.

"ಗುಳೇದಗುಡ್ಡದ ಖಣ ತೋರಸ್ರಿ. ನಮ್ಮವ್ವಗ ಕುಬಸಕ್ಕ."

"ಯಾವ ಬಣ್ಣ ಬೇಕ್ರಿ?"

"ಆಕಿಗೆ ಸೇರದ ಬಣ್ಣ ಇದ್ರ ನೋಡ್ರಿ."

ಮಹೇಶ್ವರಿ ಅನುಮಾನದಿಂದ ತಲೆಯೆತ್ತಿದಳು. ಅವನ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ.

"ಖರೆ ಹೇಳ್ತೇನ್ರಿ. ನಾ ಏನ ಒಯ್ದರೂ ನಮ್ಮವ್ವ 'ಇದನ್ಯಾಕ ತಂದಿ' ಅಂತ ಬೈತಾಳ. ಅದಕ್ಕ ಇವತ್ತ ಸೇರದ್ದು ಒಯ್ದು ಬೈಸ್ಕೊಂಡ ಬಿಡ್ತೇನಿ. ನಾಳೆ ಬಂದು ಚಲೋದು ತಗೊಂಡು ಹೋಗ್ತೇನಿ. ಒಳ್ಳೇ ಖಣಕ್ಕ ಯಾಕ ಸುಮ್ಮನ ಬೈಗುಳಾ ತಿನ್ನಸೂದು?"

ಅವಳಿಗೆ ತಡೆಯಲಾಗಲಿಲ್ಲ. ಎಷ್ಟೋ ಕಾಲದಿಂದ ಬಿಗಿಹಿಡಿದಿದ್ದ ನಗು ಒಮ್ಮೆಲೇ ಹೊರಬಂತು.

ಮರುಕ್ಷಣವೇ ದವಡೆ ಸಡಿಲವಾಯಿತು. ಕತ್ತು ವಾಲಿತು. ಮೊಣಕಾಲುಗಳಲ್ಲಿ ಎಲುಬೇ ಇಲ್ಲವೇನೋ ಎಂಬಂತೆ ಮಹೇಶ್ವರಿ ಖಣದ ಗಂಟುಗಳ ನಡುವೆ ಕುಸಿದು ಬಿದ್ದಳು.

ಕಲ್ಲಿನ ನೆಲಕ್ಕೆ ತಲೆ ಬಡಿಯುವ ಮೊದಲೇ ಅವನ ಅಂಗೈ ಅಡ್ಡ ಬಂತು.

ಅವಳಿಗೆ ಎಚ್ಚರವಿತ್ತು. ಎಲ್ಲವೂ ಕೇಳಿಸುತ್ತಿತ್ತು. ಆದರೆ ರೆಪ್ಪೆಯನ್ನು ಎತ್ತುವ ಶಕ್ತಿಯೂ ಇರಲಿಲ್ಲ.

"ಫಿಟ್ಸ್ ಬಂತು, ಕೈಯಾಗ ಕಬ್ಬಿಣ ಕೊಡ್ರಿ," ಎಂದು ಯಾರೋ ಕೂಗಿದರು. ಪಕ್ಕದ ಬಳೆ ಅಂಗಡಿಯ ಚಮನಸಾಬ ಮೂಗಿಗೆ ಹಿಡಿಯಲು ಈರುಳ್ಳಿ ಜಜ್ಜಿಕೊಂಡು ಓಡಿ ಬಂದ. ಬಾಗಿಲಲ್ಲಿ ಮಂದಿ ನೆರೆಯಿತು. 'ನನಗೆ ಫಿಟ್ಸ್ ಇಲ್ಲ... ದಯಮಾಡಿ ಎಲ್ಲರೂ ಹೋಗಿರಿ...' ಎಂದು ಮಹೇಶ್ವರಿ ಒಳಗೊಳಗೇ ಬೇಡಿಕೊಂಡಳು. ಕಣ್ಣಂಚಿನಿಂದ ಒಂದು ಹನಿ ಜಾರಿತು.

"ಗದ್ದಲ ಮಾಡಬ್ಯಾಡ್ರಿ," ಎಂದಿತು ತಲೆಯ ಹತ್ತಿರದ ದನಿ. "ಅಳಾಕತ್ತಾರ ಅವರು. ಕೇಳಸಾಕತ್ತೈತಿ ಅವರಿಗೆ."

ಒಂದೆರಡು ನಿಮಿಷದಲ್ಲಿ ಮೈಗೆ ಬಲ ಮರಳಿತು. ಮಹೇಶ್ವರಿ ಎದ್ದು ಸೆರಗು ಸರಿಪಡಿಸಿಕೊಂಡಳು. ಅವನು ನೀರಿನ ತಂಬಿಗೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ಇನ್ನೊಮ್ಮೆ ಈ ಅಂಗಡಿಗೆ ಬರಬ್ಯಾಡ್ರಿ," ಎಂದಳು.

ಅವನ ಹೆಸರು ಶಿವಪ್ರಕಾಶ ಎಂದು ಅವಳಿಗೆ ತಿಳಿದದ್ದು ಆಮೇಲೆ.

* * *

ಮಹೇಶ್ವರಿಯ ಊರು ಹುನಗುಂದ. ಕಾಲೇಜಿನಲ್ಲಿದ್ದಾಗಲೇ ಈ ನಿದ್ದೆ ಬೆನ್ನು ಹತ್ತಿತ್ತು. ರಾತ್ರಿ ಮತ್ತೆ ಮತ್ತೆ ಎಚ್ಚರ, ಹಗಲು ತಡೆಯಲಾಗದ ಜೊಂಪು. ಊಟ ಮಾಡುತ್ತಲೇ, ಬಸ್ಸಿನಲ್ಲಿ ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತಿದ್ದವು. ಹೇಗೋ ಓದು ಮುಗಿಸಿ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ಸೇರಿದಳು. ಪಾಠ ಅವಳಿಗೆ ಪ್ರಾಣ. ಆದರೆ ಒಂದು ಪದ್ಯದ ನಡುವೆಯೇ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಕಣ್ತೆರೆದಾಗ ತರಗತಿ ಗೊಳ್ಳೆಂದು ನಗುತ್ತಿತ್ತು. ಬಾಗಿಲಲ್ಲಿ ಮುಖ್ಯಾಧ್ಯಾಪಕರು ನಿಂತಿದ್ದರು.

ಕೆಲಸ ಹೋಯಿತು. 'ಆಳಸಿ' ಎಂಬ ಹೆಸರು ಉಳಿಯಿತು.

ತಂದೆ ಅಮಾತೆಪ್ಪ ಕಂಡಕಂಡ ಮಠಕ್ಕೆ ಕರೆದೊಯ್ದ, ವಿಭೂತಿ ಹಚ್ಚಿಸಿದ, ದಾರ ಕಟ್ಟಿಸಿದ. ಆಮೇಲೆ ಈ ಬೀಳುವುದೂ ಶುರುವಾಯಿತು. ಮಂದಿ ದೆವ್ವದ ಗಾಳಿ ಎಂದರು, ಫಿಟ್ಸ್ ಎಂದರು. ಆಡಿಕೊಳ್ಳುವ ಬಾಯಿಗಳಿಂದ ದೂರವಿರಲಿ ಎಂದು ಅಪ್ಪ ಅವಳನ್ನು ಬಾದಾಮಿಗೆ ಕಳಿಸಿದ.

ಬೀಳುವುದು ಯಾವಾಗ ಎಂಬುದನ್ನು ಮಹೇಶ್ವರಿ ತಾನೇ ಕಂಡುಕೊಂಡಿದ್ದಳು. ಅತ್ತರೆ ಏನೂ ಆಗುತ್ತಿರಲಿಲ್ಲ. ಮನಸ್ಸು ತುಂಬಿ ನಕ್ಕರೆ, ಹಿಗ್ಗಿದರೆ ಮಾತ್ರ ಮೈ ಕೈಕೊಡುತ್ತಿತ್ತು. ಹಾಗಾಗಿ ಅವಳು ನಗುವುದನ್ನೇ ಬಿಟ್ಟಳು. ಗೆಳತಿಯರ ಮದುವೆಗೆ ಹೋಗುವುದನ್ನು ಬಿಟ್ಟಳು, ಎಳೆಯ ಕೂಸುಗಳನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಳು. ಸಂತೋಷ ಬರುವ ದಾರಿಗಳನ್ನೆಲ್ಲ ಒಂದೊಂದಾಗಿ ಮುಚ್ಚುತ್ತ ಬಂದಳು.

ಅಂಥವಳ ಬದುಕಿಗೆ, ಜನರನ್ನು ನಗಿಸುವುದನ್ನೇ ಕಸುಬು ಮಾಡಿಕೊಂಡವನು ಕಾಲಿಟ್ಟಿದ್ದ.

ಬರಬೇಡ ಎಂದರೂ ಶಿವಪ್ರಕಾಶ ಬಂದ. ತಾನೊಬ್ಬನೇ ಅಲ್ಲ, ಗುಹೆ ನೋಡಲು ಬಂದ ಪ್ರವಾಸಿಗಳನ್ನೂ ಕರೆತಂದ. ಅವನ ಮಾತಿಗೆ ಅವರು ಹೊಟ್ಟೆ ಹಿಡಿದು ನಗುತ್ತಿದ್ದರು. ಮಹೇಶ್ವರಿ ಒಳಗಿನ ಕೆನ್ನೆ ಕಚ್ಚಿಕೊಂಡು ಖಣ ಮಡಚುತ್ತಿದ್ದಳು.

"ನನ್ನ ಮ್ಯಾಲ ಸಿಟ್ಟೈತೇನ್ರಿ?" ಎಂದು ಒಮ್ಮೆ ಮೆಲ್ಲಗೆ ಕೇಳಿದ.

"ಇಲ್ರಿ."

"ಮತ್ತ ಒಂದಿನಾನೂ ನಗೂದಿಲ್ಲ."

"ನನ್ನ ಸ್ವಭಾವನ ಹಂಗ."

ಒಂದು ಮಧ್ಯಾಹ್ನ ಗಿರಾಕಿಯ ಪ್ಯಾಕೆಟ್ ಕಟ್ಟುತ್ತಲೇ ಅವಳಿಗೆ ಜೊಂಪು ಹತ್ತಿತು. ಎಚ್ಚರಾದಾಗ ಅಂಗಡಿ ಮೌನವಾಗಿತ್ತು. ಹೊರಗೆ ಕಟ್ಟೆಯ ಮೇಲೆ ಶಿವಪ್ರಕಾಶ ಕೂತಿದ್ದ. ಬಂದವರಿಗೆ ತಗ್ಗಿದ ದನಿಯಲ್ಲಿ, "ಸ್ವಲ್ಪ ತಡದು ಬರ್ರಿ. ಒಳಗ ದಣದು ಮಲಗ್ಯಾರ," ಎನ್ನುತ್ತಿದ್ದ. ಆಳಸಿ ಎನ್ನಲಿಲ್ಲ. ನಗಲೂ ಇಲ್ಲ.

'ದಣಿದು...' ಈ ಮಾತನ್ನು ತನ್ನ ಬಗ್ಗೆ ಯಾರೂ ಆಡಿರಲಿಲ್ಲ. ಎದೆಯಲ್ಲಿ ಏನೋ ಉಕ್ಕಿ ಬಂತು. ಬಂದ ಕೂಡಲೇ ಮೊಣಕಾಲು ನಡುಗಿದವು. ಅವಳು ಗಲ್ಲಾಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಆಗಲೇ ಅವಳಿಗೆ ಭಯ ಹುಟ್ಟಿದ್ದು. ಈತನ ಮೇಲೆ ಪ್ರೀತಿ ಬೆಳೆದರೆ ತಾನು ನಿಲ್ಲುವುದಾದರೂ ಹೇಗೆ? ದಿನಕ್ಕೆ ಎಷ್ಟು ಸಲ ಈತ ತನ್ನನ್ನು ನೆಲದಿಂದ ಎತ್ತಬೇಕು? ಎಷ್ಟು ವರ್ಷ ಎತ್ತಿಯಾನು?

ಮುಂದೆ ಕೆಲವೇ ದಿನಗಳಲ್ಲಿ ಅವನ ತಾಯಿ ಮರೆವ್ವ ಮಗನೊಂದಿಗೆ ಹೆಣ್ಣು ಕೇಳಲು ಬಂದಳು. ಗುರುಲಿಂಗವ್ವನಿಗೆ ಹಿಗ್ಗೋ ಹಿಗ್ಗು. ಆದರೆ ಒಳಮನೆಯಿಂದ ಮಹೇಶ್ವರಿಯ ಮಾತು ಹಜಾರಕ್ಕೆ ಸ್ಪಷ್ಟವಾಗಿ ಕೇಳಿಸಿತು.

"ನನಗ ಒಪ್ಪಿಗಿ ಇಲ್ಲ ಚಿಕ್ಕವ್ವಾ. ಇಂಥಾ ಬಾಯಿಬಡಕರು ನನಗ ಸೇರೂದಿಲ್ಲ."

ಶಿವಪ್ರಕಾಶ ಕುಡಿಯುತ್ತಿದ್ದ ಚಹಾದ ಕಪ್ಪನ್ನು ಕೆಳಗಿಟ್ಟ.

"ನಡಿಯವ್ವಾ," ಎಂದ. ಅಷ್ಟೇ.

ಆಮೇಲೆ ಅವನು ಆ ರಸ್ತೆಗೆ ಬರಲಿಲ್ಲ.

* * *

ಬೇಸಿಗೆ ಕಳೆದ ಮೇಲೆ ಇಳಕಲ್ಲಿನಿಂದ ಮತ್ತೊಂದು ಸಂಬಂಧ ಬಂತು. ವರ ಪ್ರವೀಣಕುಮಾರ, ಗ್ರಾನೈಟ್ ವ್ಯಾಪಾರದ ಮನೆಯವನು.

"ಇವರ ಮುಂದ ಏನೂ ಹೇಳಬ್ಯಾಡ," ಎಂದು ಗುರುಲಿಂಗವ್ವ ಕಿವಿಯಲ್ಲಿ ಉಸುರಿದಳು. "ಲಗ್ನಾದಮ್ಯಾಲ ಎಲ್ಲಾ ಸರಿ ಹೋಗ್ತೈತಿ."

ಮಹೇಶ್ವರಿ ಇಳಕಲ್ ಸೀರೆ ಉಟ್ಟು ಮಣೆಯ ಮೇಲೆ ಕೂತಳು. ವರನ ಸೋದರತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಹುಡುಗಿ ಚಲೋ ಅದಾಳ. ಆದ್ರ ಮಾರಿ ಯಾಕ ಗಂಟ ಹಾಕ್ಯಾಳ? ಒಂಚೂರು ನಗವ್ವಾ."

ಗುರುಲಿಂಗವ್ವ ಕಣ್ಣಲ್ಲೇ ಎಚ್ಚರಿಸಿದಳು. ಮಹೇಶ್ವರಿ ಎದುರಿಗೆ ಕೂತವನ ಮುಖ ನೋಡಿದಳು. ಈತನಿಗೂ ಮೋಸ ಮಾಡಬೇಕೆ? ಒಬ್ಬರ ಮನಸ್ಸು ಮುರಿದದ್ದು ಸಾಲದೆ?

"ನಾ ನಕ್ರ ಬೀಳ್ತೇನ್ರಿ," ಎಂದಳು. "ಮೈಯಾಗಿನ ಬಲಾ ಹೋಗ್ತೈತಿ. ಹಗಲಹೊತ್ತು ನಿದ್ದಿ ತಡಿಯಾಕ ಆಗೂದಿಲ್ಲ. ಒಲಿ ಮುಂದ ನನ್ನ ಒಬ್ಬಾಕಿನ್ನ ಬಿಡೂದಿಲ್ಲ ನಮ್ಮ ಚಿಕ್ಕವ್ವ. ಇದನ್ನ ಮುಚ್ಚಿಟ್ಟು ನಾ ಯಾರ ಮನಿಗೂ ಬರೂದಿಲ್ಲ."

ಅತ್ತೆ ಸೆರಗು ಹೊದ್ದು ಎದ್ದು ನಿಂತಳು.

ಎಲ್ಲರೂ ಹೊರಟ ಮೇಲೆ ಪ್ರವೀಣಕುಮಾರ ಮಾತ್ರ ಬಾಗಿಲಲ್ಲಿ ತಡೆದು ನಿಂತ. "ತಪ್ಪ ತಿಳಕೋಬ್ಯಾಡ್ರಿ. ನಮ್ಮ ಮನ್ಯಾಗ ಇದು ನಡಿಯೂದಿಲ್ಲ, ಅದು ನನಗೂ ಗೊತ್ತೈತಿ. ಆದ್ರ ಬಾಗಲಕೋಟ್ಯಾಗ ನರದ ಡಾಕ್ಟರ್ ಅದಾರ. ಒಮ್ಮೆ ತೋರಸ್ರಿ. ಇದು ಗಾಳಿ-ಗೀಳಿ ಅಲ್ಲ ಅನಸ್ತೈತಿ ನನಗ."

ಗುರುಲಿಂಗವ್ವ ಬಾಗಿಲು ಹಾಕಿ ಬಂದು ಕೂತಳು. ಮಹೇಶ್ವರಿಯ ಸೀರೆಯ ನೆರಿಗೆಯನ್ನೇ ನೋಡುತ್ತ ಕೇಳಿದಳು. "ಇಳಕಲ್ಲಿನವರಿಗೆ ಖರೆ ಹೇಳಿದಿ. ಆ ಗೈಡ್ ಹುಡುಗಗ ಯಾಕ ಸುಳ್ಳ ಹೇಳಿದೆವ್ವಾ?"

ಮಹೇಶ್ವರಿ ಮಣೆ ಎತ್ತಿ ಗೋಡೆಗೆ ಒರಗಿಸಿದಳು.

"ಅಂವ ನನಗ ಬೇಕಾಗಿದ್ದ ಚಿಕ್ಕವ್ವಾ."

* * *

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರ್ ವಿದ್ಯಾ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಹುಬ್ಬಳ್ಳಿಗೆ ಕಳಿಸಿ, ನಿದ್ದೆಯಲ್ಲೇ ಮಾಡುವ ಪರೀಕ್ಷೆಯನ್ನೂ ಮಾಡಿಸಿದರು. ವರದಿ ಬಂದ ದಿನ ಮಹೇಶ್ವರಿ, ಚಿಕ್ಕವ್ವ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಇದಕ್ಕ ನಾರ್ಕೊಲೆಪ್ಸಿ ಅಂತಾರ. ಯಾವಾಗ ಎಚ್ಚರ ಇರಬೇಕು, ಯಾವಾಗ ಮಲಗಬೇಕು ಅನ್ನೂದನ್ನ ಮೆದುಳು ನೋಡ್ಕೋತೈತಿ. ನಿನ್ನ ಮೆದುಳಿನಾಗ ಆ ಲೆಕ್ಕ ತಪ್ಪೇತಿ. ನಿದ್ಯಾಗ ಎಲ್ಲಾರ ಮೈಯೂ ಸಡ್ಲ ಆಗ್ತೈತಿ. ನಿನಗ ನಗುವಾಗ ಎಚ್ಚರ ಇದ್ದಾಗಲೇ ಹಂಗ ಆಗ್ತೈತಿ. ಫಿಟ್ಸ್ ಅಲ್ಲ. ಆಳಸಿತನ ಅಂತೂ ಅಲ್ಲವೇ ಅಲ್ಲ."

"ವಾಸಿ ಆಗ್ತೈತೇನ್ರಿ?" ಗುರುಲಿಂಗವ್ವ ಕೇಳಿದಳು.

"ಪೂರ್ತಿ ಹೋಗೂದಿಲ್ಲ. ಗುಳಿಗಿಯಿಂದ ಭಾಳ ಹತೋಟಿಗೆ ಬರ್ತೈತಿ. ಹಗಲ ಹೊತ್ತು ಹೊತ್ತಿಗೆ ಸರಿಯಾಗಿ ಸಣ್ಣ ನಿದ್ದಿ ಮಾಡಬೇಕು. ಮನಿಯವರು ಅರ್ಥ ಮಾಡ್ಕೊಂಡ್ರ ಅರ್ಧ ಔಷಧ ಕೊಟ್ಟಂಗ."

ಗುರುಲಿಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. "ನಾನೂ ಆಳಸಿ ಅಂತ ಬೈದ್ನೆಲ್ಲಾ ನನ್ನ ಕೂಸಿಗೆ..."

ಮಹೇಶ್ವರಿಯೂ ಅತ್ತಳು. ರೋಗ ಬಂತೆಂದು ಅಲ್ಲ. ಇಷ್ಟು ವರ್ಷ ತನ್ನನ್ನು ತಾನೇ ಶಪಿಸಿಕೊಂಡದ್ದಕ್ಕೆ.

ಗುಳಿಗೆ ಶುರುವಾಯಿತು. ಊಟದ ನಂತರ ಚಿಕ್ಕವ್ವ ತಾನೇ ಅಂಗಡಿಯ ಹಿಂದೆ ಚಾಪೆ ಹಾಸಿ, "ಮಲಕೋ ಯವ್ವಾ," ಎನ್ನತೊಡಗಿದಳು. ಬರಬರುತ್ತ ಮಹೇಶ್ವರಿಯ ತಲೆಯೊಳಗಿನ ಮಂಜು ತೆಳುವಾಯಿತು. ಓಣಿಯ ಮಕ್ಕಳಿಗೆ ಸಂಜೆ ಕನ್ನಡ ಹೇಳಿಕೊಡಲು ಕೂತಳು. ಅವರೆದುರು ಕಣ್ಣು ಮುಚ್ಚಲಿಲ್ಲ.

ಆದರೆ ಎಚ್ಚರವಿದ್ದಷ್ಟು ಹೊತ್ತೂ ಅವಳಿಗೆ ನೆನಪಾಗುತ್ತಿದ್ದದ್ದು, ಸದ್ದಿಲ್ಲದೆ ಕೆಳಗಿಟ್ಟ ಆ ಚಹಾದ ಕಪ್ಪು.

* * *

ಒಂದು ಬೆಳಗ್ಗೆ ಅವಳು ಮೇಣಬಸದಿಯ ಗುಹೆಗಳ ಮೆಟ್ಟಿಲು ಹತ್ತಿದಳು.

ಶಿವಪ್ರಕಾಶ ಒಂದು ಗುಂಪಿಗೆ ಕಂಬಗಳನ್ನು ತೋರಿಸುತ್ತಿದ್ದ. ಅರಸರ ಹೆಸರು, ಇಸವಿ, ಮೂರ್ತಿಯ ವಿವರ, ಅಷ್ಟೇ. ಯಾರೂ ನಗುತ್ತಿರಲಿಲ್ಲ. ಒಬ್ಬ ಆಕಳಿಸಿದ. ಮಹೇಶ್ವರಿ ಕಂಬದ ಮರೆಯಲ್ಲಿ ನಿಂತು ಕೇಳಿದಳು. ಇದು ತಾನು ಮಾಡಿದ ಕೆಲಸ.

ಗುಂಪು ಚದುರಿದ ಮೇಲೆ ಅವನು ಅವಳನ್ನು ಕಂಡ. ಮುಖ ಬಿಗಿಯಾಯಿತು.

"ಏನ್ರಿ?"

"ಸ್ವಲ್ಪ ಮಾತಾಡೂದೈತಿ. ಕುಂತು ಮಾತಾಡೂಣ್ರಿ. ನಿಂತು ಮಾತಾಡಿದ್ರ ಬೀಳ್ತೇನಿ ಅಂತ ಅಂಜಿಕಿ."

ಕೆಳಗೆ ಅಗಸ್ತ್ಯ ತೀರ್ಥದ ನೀರು ಹಸಿರಾಗಿ ನಿಂತಿತ್ತು. ಕೆಂಪು ಬಂಡೆಯ ನೆರಳಲ್ಲಿ ಇಬ್ಬರೂ ಅಂತರ ಬಿಟ್ಟು ಕೂತರು. ಮಹೇಶ್ವರಿ ಒಂದನ್ನೂ ಬಿಡದೆ ಹೇಳಿದಳು. ಹೋದ ಕೆಲಸ, ಕುಸಿದು ಬಿದ್ದದ್ದು, ರೋಗದ ಹೆಸರು, ಬದುಕಿನುದ್ದಕ್ಕೂ ನುಂಗಬೇಕಾದ ಗುಳಿಗೆ. ಅವನು ನೀರನ್ನೇ ನೋಡುತ್ತ ಕೇಳಿದ.

"ಅಂದ್ರ, ನಾ ಅಂಗಡಿಗೆ ಬಂದಾಗೆಲ್ಲಾ..."

"ನಗು ತಡಕೊಳ್ಳಾಕ ಕೆನ್ನಿ ಕಚಗೊಂಡು ಗಾಯ ಮಾಡ್ಕೊಂಡೇನ್ರಿ."

"ಬಾಯಿಬಡಕ ಅಂದ್ರಿ ನನ್ನ." ಅವನ ದನಿ ಒಡೆಯಿತು. "ಅವತ್ತಿಂದ ಬಾಯಿ ತಗದ್ರ ಆ ಮಾತ ನೆನಪಾಗ್ತೈತಿ. ಮಾತ ನನ್ನ ಹೊಟ್ಟಿಪಾಡು ಮಹೇಶ್ವರಿ. ನಮ್ಮವ್ವನ ಮುಂದ ಅಂದ್ರಿ."

"ಗೊತ್ತೈತ್ರಿ. ತಪ್ಪಾತು. ನಿಮ್ಮನ್ನ ದೂರ ಮಾಡಾಕ ನನಗ ಬ್ಯಾರೆ ದಾರಿ ಕಾಣಲಿಲ್ಲ. ನೀವು ಹತ್ರ ಇದ್ರ ನನಗ ಖುಷಿ ಆಗ್ತಿತ್ತು. ಆ ಖುಷಿಗೇ ನಾ ಅಂಜಿದ್ದು."

ಗಾಳಿ ಬೀಸಿತು. ದೂರದಲ್ಲಿ ಮಂಗಗಳು ಕಿಚಗುಟ್ಟಿದವು.

"ಕೇಳ್ರಿ," ಎಂದಳು ಅವಳು. "ನಾ ಕನಿಕರ ಬೇಡಾಕ ಬಂದಿಲ್ಲ. ಗುಳಿಗಿ ತಗೊಂಡ್ರೂ ಒಮ್ಮೊಮ್ಮೆ ಬೀಳ್ತೇನಿ. ಮಂದಿ ನಿಮಗೂ ಆಡ್ಕೋತಾರ. ಹೂಂ ಅನ್ನೂದಿದ್ರ ಇದನ್ನೆಲ್ಲಾ ವಿಚಾರ ಮಾಡಿ ಅನ್ರಿ."

ಶಿವಪ್ರಕಾಶ ಒಂದು ಕಲ್ಲು ಎತ್ತಿ ಅಂಗೈಯಲ್ಲಿ ಹೊರಳಿಸಿದ. ಅವನು ನಿಜವಾಗಿಯೂ ಯೋಚಿಸುತ್ತಿದ್ದಾನೆಂಬುದೇ ಅವಳಿಗೆ ಸಮಾಧಾನ ಕೊಟ್ಟಿತು.

"ಅಂಜಿಕಿ ನನಗೂ ಐತಿ," ಎಂದ ಕೊನೆಗೆ. "ನಾ ಇಲ್ಲದಾಗ ಎಲ್ಲೆರ ಬಿದ್ದು ಪೆಟ್ಟ ಮಾಡ್ಕೊಂಡ್ರ ಅಂತ. ಅದನ್ನ ಇಬ್ಬರೂ ಕೂಡಿ ಕಲಿಯೂಣು. ಡಾಕ್ಟರ ಕಡೆ ನಾನೂ ಬರ್ತೇನಿ. ಆದ್ರ ಇನ್ನೊಂದು ದೊಡ್ಡ ಚಿಂತಿ ಹತ್ತೇತಿ."

"ಏನ್ರಿ?"

"ಲಗ್ನದಾಗ ಫೋಟೋದವ ಬಂದು 'ಸ್ಮೈಲ್ ಪ್ಲೀಸ್' ಅಂತಾನ. ಅವನ ಬಾಯಿ ಯಾರು ಮುಚ್ಚೂದು?"

ಮಹೇಶ್ವರಿ ನಕ್ಕಳು. ಈ ಸಲ ತಡೆಯುವ ಪ್ರಯತ್ನವನ್ನೇ ಮಾಡಲಿಲ್ಲ. ಕತ್ತು ಮೆಲ್ಲಗೆ ವಾಲಿತು. ಅವನು ಸರಿದು ಬಂದು ಹೆಗಲು ಕೊಟ್ಟ. ಗಾಬರಿಯಾಗಲಿಲ್ಲ, ಯಾರನ್ನೂ ಕರೆಯಲಿಲ್ಲ.

"ಗಡಿಬಿಡಿ ಏನಿಲ್ಲ," ಎಂದು ಅವಳ ಕಿವಿಯ ಹತ್ತಿರ ಹೇಳಿದ. "ನಾ ನಿನ್ನ ಲಗ್ನ ಆಗಬೇಕಂತೇನಿ. ನೀ ಬಲಾ ಬಂದಮ್ಯಾಲ ಉತ್ತರ ಕೊಡು. ಬ್ಯಾಡ ಅಂದ್ರೂ ಒಪ್ಕೋತೇನಿ."

ಸ್ವಲ್ಪ ಹೊತ್ತಿಗೆ ಅವಳ ಬೆರಳುಗಳಲ್ಲಿ ಜೀವ ಮರಳಿತು. ಆ ಬೆರಳುಗಳು ಅವನ ಅಂಗೈಯನ್ನು ಹುಡುಕಿದವು.

"ಹೂಂ," ಎಂದಳು.

ಬಿಸಿಲು ಬಂಡೆಯಿಂದ ಬಂಡೆಗೆ ಸರಿಯುತ್ತಿತ್ತು. ಅವಳ ರೆಪ್ಪೆಗಳು ಭಾರವಾದವು.

"ಈಗ ಖರೆನ ನಿದ್ದಿ ಬರಾಕತ್ತೈತ್ರಿ."

"ಮಲಕೋ."

"ಮಂದಿ ನೋಡ್ತಾರ."

"ನೋಡ್ಲಿ."

"ನಾ ಎದ್ದಾಗ ಇಲ್ಲೇ ಇರ್ತೀರಿ?"

"ಇಲ್ಲೇ ಇರ್ತೇನಿ."

ಮಹೇಶ್ವರಿ ಕಣ್ಣು ಮುಚ್ಚಿದಳು. ಹಗಲಿನಲ್ಲಿ, ನಾಲ್ಕು ಮಂದಿಯ ನಡುವೆ, ನಾಚಿಕೆಯಿಲ್ಲದೆ ಅವಳು ಮಲಗಿದ್ದು ಅದೇ ಮೊದಲು.